ರೇಸ್ ಟ್ರ್ಯಾಕಿನ ಸ್ಲಾಟ್ ಮಷೀನ್ ದುಡ್ಡು ಯಾರದ್ದು? ಒಂಟಾರಿಯೊ ಕನ್ನಡಿಗರಿಗೂ ನಮ್ಮ ಶಾಸಕರಿಗೂ ಒಂದು ಬಹಿರಂಗ ಪತ್ರ

ಪ್ರಿಯ ಕನ್ನಡಿಗರೇ, ನಾವು ಮತ ಹಾಕಿ ಕಳಿಸಿದ ಶಾಸಕರೇ,

ಬ್ರ್ಯಾಂಪ್ಟನ್, ಮಿಸಿಸಾಗಾ, ಎಟೋಬಿಕೋಕ್ ಕಡೆ ಇರುವವರಿಗೆ ವುಡ್‌ಬೈನ್ ರೇಸ್ ಟ್ರ್ಯಾಕ್ ಗೊತ್ತೇ ಇರುತ್ತದೆ. ಊರಿನಿಂದ ಬರುವ ಅಪ್ಪ ಅಮ್ಮನನ್ನು ಕರೆತರಲು ಪಿಯರ್ಸನ್ ಏರ್‌ಪೋರ್ಟಿಗೆ ಹೋಗುವಾಗ ಅದರ ಹತ್ತಿರದಲ್ಲೇ ಹಾದು ಹೋಗುತ್ತೇವೆ. 1956ರಲ್ಲಿ ಶುರುವಾದ ಜಾಗ ಅದು. 1860ರಿಂದ ನಡೆದು ಬಂದಿರುವ ಕ್ವೀನ್ಸ್ ಪ್ಲೇಟ್, ಈಗಿನ ಹೆಸರಿನಲ್ಲಿ ಕಿಂಗ್ಸ್ ಪ್ಲೇಟ್, ಓಡುವುದು ಅಲ್ಲೇ. ಸೆಕ್ರೆಟೇರಿಯಟ್ ಎಂಬ ಆ ಮಹಾ ಕುದುರೆ ತನ್ನ ಕೊನೆಯ ರೇಸ್ ಓಡಿದ್ದೂ ಅಲ್ಲೇ, 1973ರ ಅಕ್ಟೋಬರ್‌ನಲ್ಲಿ. ಆದರೆ ಇವತ್ತು ಆ ಕಡೆ ಕಾರು ತಿರುಗಿಸುವವರೆಲ್ಲ ಕುದುರೆ ನೋಡಲು ಹೋಗುವವರಲ್ಲ. 2023ರ ಜೂನ್‌ನಲ್ಲಿ ಟ್ರ್ಯಾಕಿನ ಪಕ್ಕದಲ್ಲೇ ದೊಡ್ಡ ಕ್ಯಾಸಿನೊ ರೆಸಾರ್ಟ್ ತೆರೆಯಿತು. 4 ಸಾವಿರಕ್ಕೂ ಹೆಚ್ಚು ಸ್ಲಾಟ್ ಮಷೀನ್‌ಗಳಿವೆ. ನಮ್ಮವರೂ ಹೋಗುತ್ತಾರೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ರೇಸ್ ನಡೆಯುವ ಜಾಗಕ್ಕೆ ಈ ಮಷೀನ್‌ಗಳು ಬಂದದ್ದರಿಂದ ಏನೇನಾಯಿತು ಎಂದು ಹೇಳಲು ಈ ಪತ್ರ. ಶಾಸಕರಿಗೆ ಇದರ ಇಂಗ್ಲಿಷ್ ರೂಪ ಕಳಿಸುತ್ತೇನೆ. ಕನ್ನಡದಲ್ಲಿ ಯಾಕೆ ಅಂದರೆ, ನಮ್ಮ ಮನೆಗಳಲ್ಲಿ ಈ ಮಾತು ಆಗಬೇಕು. ಚುನಾವಣೆ ಬಂದಾಗ ಬಾಗಿಲು ತಟ್ಟುವ ಅಭ್ಯರ್ಥಿಯ ಹತ್ತಿರ ನಾವು ಟ್ರಾಫಿಕ್ ಬಗ್ಗೆ ಕೇಳುತ್ತೇವೆ, ಇನ್ಶೂರೆನ್ಸ್ ಬಗ್ಗೆ ಕೇಳುತ್ತೇವೆ, ಡಾಕ್ಟರ್ ಸಿಗುತ್ತಿಲ್ಲ ಎಂದು ಹೇಳುತ್ತೇವೆ. ಇದರ ಬಗ್ಗೆ ಯಾರೂ ಕೇಳುವುದಿಲ್ಲ.

ಮೊದಲು ಇದು ಹೇಗೆ ಶುರುವಾಯಿತು ಎಂದು ನೋಡೋಣ. 1990ರ ದಶಕದ ನಡುವಿನಲ್ಲಿ ವಿಂಡ್ಸರ್, ನಯಾಗರಾ, ಒರಿಲಿಯಾ ಹತ್ತಿರದ ರಾಮಾ, ಹೀಗೆ ಒಂದೊಂದಾಗಿ ಕ್ಯಾಸಿನೊಗಳು ಬಂದವು. ಕುದುರೆ ಬಾಜಿಗೆ ಹೋಗುತ್ತಿದ್ದ ದುಡ್ಡು ಆ ಕಡೆ ಹೋಗುತ್ತದೆ ಎಂದು ಟ್ರ್ಯಾಕಿನವರಿಗೆ ಹೆದರಿಕೆ. ಇನ್ನೊಂದು ಕಡೆ ಸರ್ಕಾರಕ್ಕೆ ಊರೂರಿನಲ್ಲಿ ಜೂಜಿನ ಮಷೀನ್ ಇಡುವ ಆಸೆ, ಆದರೆ ಊರಿನವರು ಬೇಡ ಅನ್ನುತ್ತಿದ್ದರು. ರೇಸ್ ಟ್ರ್ಯಾಕ್‌ಗಳಲ್ಲಿ ಹೇಗೂ ಜೂಜು ನಡೆಯುತ್ತಿದೆ, ಜಾಗ ಇದೆ, ಪಾರ್ಕಿಂಗ್ ಇದೆ, ಜಗಳ ಕಡಿಮೆ. 1998ರಲ್ಲಿ ಮೈಕ್ ಹ್ಯಾರಿಸ್ ಸರ್ಕಾರ ಅಲ್ಲಿಗೇ ಮಷೀನ್ ತಂದಿತು. ವಿಂಡ್ಸರ್ ರೇಸ್‌ವೇನಲ್ಲಿ ಆ ಡಿಸೆಂಬರ್‌ನಲ್ಲಿ ಮೊದಲು ಶುರುವಾಯಿತು, ಆಮೇಲೆ ಪ್ರಾಂತ್ಯದ ಹೆಚ್ಚು ಕಡಿಮೆ ಎಲ್ಲ ಟ್ರ್ಯಾಕ್‌ಗಳಿಗೂ ಹರಡಿತು.

ಹಂಚಿಕೆ ಹೀಗಿತ್ತು. ಮಷೀನ್‌ನಲ್ಲಿ ಉಳಿದ ದುಡ್ಡಿನಲ್ಲಿ 10% ಟ್ರ್ಯಾಕ್ ಮಾಲೀಕರಿಗೆ. ಇನ್ನೊಂದು 10% ಕುದುರೆಯವರಿಗೆ, ಅಂದರೆ ರೇಸಿನ ಬಹುಮಾನದ ಹಣಕ್ಕೆ, ಅದನ್ನು ಪರ್ಸ್ ಅನ್ನುತ್ತಾರೆ. ಆ ಊರಿನ ಪುರಸಭೆಗೆ ಮೊದಲ 450 ಮಷೀನ್‌ಗಳಿಂದ 5%. ಉಳಿದದ್ದು ಪ್ರಾಂತ್ಯಕ್ಕೆ. ಕೊನೆಕೊನೆಗೆ ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್ ಕುದುರೆ ರೇಸಿನ ಕಡೆ ಹೋಗುತ್ತಿತ್ತು, ಪ್ರಾಂತ್ಯಕ್ಕೆ ಅದರ ಮೂರು ಪಟ್ಟಿಗೂ ಹೆಚ್ಚು.

ಮಷೀನ್‌ನಲ್ಲಿ ಉಳಿದ ದುಡ್ಡು ಅಂದೆ. ಅದು ಆಡುವವರು ಸೋತ ದುಡ್ಡು. ಇದನ್ನು ಸರ್ಕಾರಿ ಕಾಗದಗಳಲ್ಲಿ ಆದಾಯ ಎಂದು ಬರೆಯುತ್ತಾರೆ, ಟ್ರ್ಯಾಕಿನವರು ನಮ್ಮ ಪಾಲು ಅನ್ನುತ್ತಾರೆ, ಪುರಸಭೆಯವರು ರಸ್ತೆ, ಐಸ್ ರಿಂಕ್, ಲೈಬ್ರರಿ ಅನ್ನುತ್ತಾರೆ. ಎಲ್ಲರೂ ತಮಗೆ ಬಂದದ್ದನ್ನು ಎಣಿಸಿಕೊಂಡರು. ಎಲ್ಲಿಂದ ಬಂತು ಎಂದು ನೋಡುವ ಕೆಲಸ ಯಾರದ್ದೂ ಆಗಿರಲಿಲ್ಲ. ನನ್ನ ಮುಖ್ಯ ತಕರಾರು ಇದೇ.

ಮಷೀನ್ ಕೆಲಸ ಮಾಡುವ ರೀತಿ ಸ್ವಲ್ಪ ಹೇಳಬೇಕು, ಯಾಕೆಂದರೆ ಕುದುರೆ ಬಾಜಿಯೂ ಜೂಜು, ಇದೂ ಜೂಜು, ಎರಡೂ ಒಂದೇ ಎಂದು ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಒಂದೇ ಅಲ್ಲ. ಊರಿನಲ್ಲಿ ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಮನೆ ಕಳೆದುಕೊಂಡವರ ಕಥೆ ಎಲ್ಲರಿಗೂ ಗೊತ್ತು, ನಾನು ರೇಸನ್ನು ಒಳ್ಳೆಯದು ಅನ್ನುತ್ತಿಲ್ಲ. ಆದರೆ ರೇಸಿನಲ್ಲಿ ಕುದುರೆ ನೋಡಬೇಕು, ಜಾಕಿ ಯಾರು, ಟ್ರೇನರ್ ಯಾರು, ಹೋದ ಸಲ ಹೇಗೆ ಓಡಿತು, ಟ್ರ್ಯಾಕ್ ಒದ್ದೆ ಇದೆಯಾ ಎಂದೆಲ್ಲ ಓದಬೇಕು. ಭಾರತದ ಸುಪ್ರೀಂ ಕೋರ್ಟ್ 1996ರಲ್ಲಿ ಕುದುರೆ ರೇಸನ್ನು ಕೌಶಲದ ಆಟ ಎಂದು ಹೇಳಿದ್ದು ಇದೇ ಕಾರಣಕ್ಕೆ, ಬೆಂಗಳೂರು, ಮೈಸೂರಿನಲ್ಲಿ ಅದು ಕಾನೂನಿನ ಒಳಗೆ ನಡೆಯುವುದೂ ಇದೇ ಆಧಾರದ ಮೇಲೆ. ಮುಖ್ಯವಾಗಿ, ಒಂದು ರೇಸ್ ಮುಗಿದು ಇನ್ನೊಂದು ಶುರುವಾಗಲು ಅರ್ಧ ಗಂಟೆಯ ಹತ್ತಿರ ಹತ್ತಿರ ಆಗುತ್ತದೆ. ಆ ಹೊತ್ತಿನಲ್ಲಿ ಎದ್ದು ಕಾಫಿ ಕುಡಿಯಬಹುದು. ಜೇಬು ನೋಡಿಕೊಳ್ಳಬಹುದು. ಸಾಕು ಮನೆಗೆ ಹೋಗೋಣ ಅನ್ನಿಸಬಹುದು.

ಮಷೀನ್‌ನಲ್ಲಿ ಆ ಬಿಡುವೇ ಇಲ್ಲ. ಒಂದು ಆಟಕ್ಕೆ ಕೆಲವೇ ಸೆಕೆಂಡು. ನಿಮಿಷಕ್ಕೆ 10 ಆಟ ಎಂದು ಇಟ್ಟುಕೊಳ್ಳಿ, ಗಂಟೆಗೆ 600 ಆಯಿತು. ಒಂದು ಆಟಕ್ಕೆ 1 ಡಾಲರ್ ಅಂದರೂ ಗಂಟೆಗೆ 600 ಡಾಲರ್ ಬಾಜಿ ಕಟ್ಟಿದ ಲೆಕ್ಕ. ಮಷೀನ್ 90% ವಾಪಸ್ ಕೊಡುತ್ತದೆ ಅಂದಾಗ ನಾವು 100 ಡಾಲರ್ ತೆಗೆದುಕೊಂಡು ಹೋದರೆ 90 ಡಾಲರ್ ಉಳಿಯುತ್ತದೆ ಎಂದುಕೊಳ್ಳುತ್ತೇವೆ. ಹಾಗಲ್ಲ. ಪ್ರತಿ ಆಟದಲ್ಲೂ ಸರಾಸರಿ 10% ಹೋಗುತ್ತದೆ, ವಾಪಸ್ ಬಂದದ್ದನ್ನು ಮತ್ತೆ ಹಾಕುತ್ತೇವೆ, ಅದರಲ್ಲೂ 10% ಹೋಗುತ್ತದೆ. ಆ ಲೆಕ್ಕದಲ್ಲಿ ಗಂಟೆಗೆ ಸರಾಸರಿ 60 ಡಾಲರ್ ಹೋಯಿತು. ಒಂಟಾರಿಯೊದ ನಿಯಮದಲ್ಲಿ ಕನಿಷ್ಠ ವಾಪಸಾತಿ 85%. ಆ ಮಟ್ಟದ ಮಷೀನ್ ಆದರೆ ಗಂಟೆಗೆ 90 ಡಾಲರ್. ವೇರ್‌ಹೌಸ್‌ನಲ್ಲಿ ನಿಂತು ಕೆಲಸ ಮಾಡುವವರು ಒಂದು ಗಂಟೆಗೆ ಎಷ್ಟು ದುಡಿಯುತ್ತಾರೆ ಎಂದು ನಿಮಗೆ ಗೊತ್ತಲ್ವಾ?

ಇದನ್ನು ಕೂತು ಅಧ್ಯಯನ ಮಾಡಿದವರು ನಮ್ಮ ಪಕ್ಕದಲ್ಲೇ ಇದ್ದಾರೆ. ವಾಟರ್‌ಲೂ ವಿಶ್ವವಿದ್ಯಾಲಯದ ಕೆವಿನ್ ಹ್ಯಾರಿಗನ್ ಮತ್ತು ಮೈಕ್ ಡಿಕ್ಸನ್ ಅವರು ಮಾಹಿತಿ ಕೇಳುವ ಕಾನೂನಿನ ಮೂಲಕ ಮಷೀನ್‌ಗಳ ಒಳಗಿನ ಲೆಕ್ಕದ ಹಾಳೆಗಳನ್ನೇ ತರಿಸಿಕೊಂಡು ನೋಡಿದರು. ಹೊರಗೆ ನೋಡಲು ಒಂದೇ ಆಟ, ಅದೇ ಚಿತ್ರ, ಅದೇ ಹಾಡು. ಒಳಗೆ ವಾಪಸಾತಿ ಬೇರೆ ಬೇರೆ. ಆಡುವವರಿಗೆ ತಾವು ಕೂತಿರುವ ಮಷೀನ್ ಯಾವುದು ಎಂದು ತಿಳಿಯುವ ದಾರಿಯೇ ಇಲ್ಲ. ಅವರ ತಂಡ ಇನ್ನೊಂದು ವಿಷಯ ತೋರಿಸಿತು. ಹೊಸ ಮಷೀನ್‌ಗಳಲ್ಲಿ ಒಂದೇ ಸಲಕ್ಕೆ ಹತ್ತಾರು ಸಾಲುಗಳ ಮೇಲೆ ಬಾಜಿ ಕಟ್ಟಬಹುದು. 1 ಡಾಲರ್ ಹಾಕಿದಿರಿ, 30 ಸೆಂಟ್ ಬಂತು. ನೀವು 70 ಸೆಂಟ್ ಸೋತಿದ್ದೀರಿ. ಆದರೆ ಮಷೀನ್ ದೀಪ ಹಚ್ಚಿ, ಹಾಡು ಹಾಕಿ ಗೆದ್ದಿರಿ ಎಂದು ಸಂಭ್ರಮಿಸುತ್ತದೆ. ಆಡುವವರ ಚರ್ಮದ ಮೇಲೆ ಸೆನ್ಸರ್ ಇಟ್ಟು ನೋಡಿದಾಗ, ನಿಜವಾಗಿ ಗೆದ್ದಾಗ ಮೈ ಹೇಗೆ ಜುಮ್ಮೆನ್ನುತ್ತದೋ ಈ ಸೋಲಿನಲ್ಲೂ ಹೆಚ್ಚು ಕಡಿಮೆ ಹಾಗೇ ಆಗುತ್ತಿತ್ತು. ಇದು ಅಕಸ್ಮಾತ್ ಆದದ್ದಲ್ಲ, ಯಾರೋ ಕೂತು ಹಾಗೆ ಮಾಡಿದ್ದು.

ಮತ್ತೊಂದು ಲೆಕ್ಕ. 2004ರಲ್ಲಿ ರಾಬರ್ಟ್ ವಿಲಿಯಮ್ಸ್ ಮತ್ತು ರಾಬರ್ಟ್ ವುಡ್ ಎಂಬ ಸಂಶೋಧಕರು ಒಂಟಾರಿಯೊದ ಜೂಜಿನ ಆದಾಯ ಯಾರಿಂದ ಬರುತ್ತದೆ ಎಂದು ಹುಡುಕಿದರು. ಜನಸಂಖ್ಯೆಯಲ್ಲಿ ಸುಮಾರು 5% ಇರುವ, ಜೂಜಿನಿಂದ ತೊಂದರೆಗೆ ಸಿಕ್ಕಿಕೊಂಡ ಜನರಿಂದಲೇ ಒಟ್ಟು ಆದಾಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರುತ್ತಿತ್ತು. ಸ್ಲಾಟ್ ಮಷೀನ್‌ನಲ್ಲಿ ಆ ಪಾಲು ಇನ್ನೂ ಜಾಸ್ತಿ. ಅಂದರೆ ಮಷೀನ್ ದುಡ್ಡಿನಲ್ಲಿ ನಡೆಯುವ ಯಾವುದೇ ಯೋಜನೆ, ಅದು ರೇಸ್ ಆಗಲಿ ಐಸ್ ರಿಂಕ್ ಆಗಲಿ, ದೊಡ್ಡ ಮಟ್ಟಿಗೆ ನಿಲ್ಲಿಸಲು ಆಗದವರ ಮೇಲೆ ನಿಂತಿದೆ.

ಅಂಥ ಒಂದು ಮನೆ ನನಗೆ ಗೊತ್ತು. ಹೆಸರು ಬೇಡ, ಜಾಗವೂ ಬೇಡ. ರಾತ್ರಿ ಪಾಳಿ ಮಾಡುವ ಮನುಷ್ಯ, ಕುಡಿಯುವುದಿಲ್ಲ, ಹಬ್ಬಕ್ಕೆ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಜೋಡಿಸುವವರು. ಪಾಳಿ ಮುಗಿದ ಮೇಲೆ ನಿದ್ದೆ ಬರುವುದಿಲ್ಲ, ಇಡೀ ರಾತ್ರಿ ತೆರೆದಿರುವ ಜಾಗ ಅದೊಂದೇ, ಸುಮ್ನೆ ಅರ್ಧ ಗಂಟೆ ಕೂತು ಬರುತ್ತೇನೆ ಎಂದು ಶುರುವಾಗಿದ್ದು. ಮನೆಯ ಮೇಲೆ ತೆಗೆದ ಸಾಲ ಹೋಯಿತು, ಕ್ರೆಡಿಟ್ ಕಾರ್ಡ್ ಹೋಯಿತು, ಊರಿನಲ್ಲಿ ತಂಗಿ ಮದುವೆಗೆ ಎಂದು ಇಟ್ಟಿದ್ದು ಹೋಯಿತು. ಹೆಂಡತಿಗೆ ಗೊತ್ತಾಗಿದ್ದು ಬ್ಯಾಂಕಿನಿಂದ ಕಾಗದ ಬಂದಾಗ. ಆಕೆ ಯಾರಿಗೂ ಹೇಳಲಿಲ್ಲ, ಯಾಕೆಂದರೆ ನಮ್ಮ ಸಮಾಜದಲ್ಲಿ ಹೇಳಿದರೆ ಏನಾಗುತ್ತದೆ ಎಂದು ಆಕೆಗೆ ಗೊತ್ತು. ನಮ್ಮೂರಲ್ಲಿ ಲಾಟರಿ ಇದ್ದ ಕಾಲ ನೆನಪಿರುವವರಿಗೆ ಇದು ಹೊಸದೇನಲ್ಲ. ಕೂಲಿ ಮಾಡಿದ ದುಡ್ಡು ಮನೆ ಸೇರುವ ಮೊದಲೇ ಅಂಗಡಿಯಲ್ಲಿ ಮುಗಿಯುತ್ತಿತ್ತು. 2007ರಲ್ಲಿ ಕರ್ನಾಟಕ ಸರ್ಕಾರ ಲಾಟರಿ ನಿಲ್ಲಿಸಿತು, ಆದಾಯ ಹೋದರೂ ಪರವಾಗಿಲ್ಲ ಎಂದು. ಆ ನಿರ್ಧಾರಕ್ಕೆ ನನಗೆ ಇವತ್ತೂ ಗೌರವ ಇದೆ.

ಇನ್ನು ಕುದುರೆಯ ಕಡೆ ಬರೋಣ. ಈ ಭಾಗವನ್ನು ನಮ್ಮವರು ಯೋಚಿಸಿಯೇ ಇರುವುದಿಲ್ಲ.

ಮಷೀನ್ ದುಡ್ಡು ಬಂದ ಮೇಲೆ ಒಂಟಾರಿಯೊದ ಪರ್ಸ್‌ಗಳು ಏರಿದವು. ಅಮೆರಿಕದಿಂದಲೂ ಕುದುರೆ, ಮಾಲೀಕರು ಬಂದರು. ಸಣ್ಣ ಊರುಗಳಲ್ಲಿ, ಎಲೋರಾ, ಹ್ಯಾನೋವರ್, ಡ್ರೆಸ್ಡನ್ ಅಂಥ ಕಡೆ, ಗಾಡಿ ಕಟ್ಟಿ ಓಡಿಸುವ ಹಾರ್ನೆಸ್ ರೇಸಿನ ಸುತ್ತ ಒಂದು ಬದುಕೇ ಇತ್ತು. ಕುದುರೆ ಸಾಕುವವರು, ಹುಲ್ಲು ಬೆಳೆಯುವವರು, ಲಾಳ ಹೊಡೆಯುವವರು, ಪಶು ವೈದ್ಯರು, ಬೆಳಗಿನ ಜಾವ ಎದ್ದು ಲಾಯ ಗುಡಿಸುವ ಗ್ರೂಮ್‌ಗಳು. ನಮ್ಮ ಬೆಂಗಳೂರು ಟರ್ಫ್ ಕ್ಲಬ್‌ನಲ್ಲಿ ಸೈಸ್ ಅನ್ನುತ್ತೇವಲ್ಲ, ಅದೇ ಕೆಲಸ. ಅವರಿಗೆಲ್ಲ ಒಳ್ಳೆಯ ಕಾಲ ಬಂತು, ಇದು ಸುಳ್ಳಲ್ಲ. ಆದರೆ ಅದೇ ಸಮಯದಲ್ಲಿ ರೇಸ್ ನೋಡಲು ಬರುವವರನ್ನು ಬೆಳೆಸುವ ಕೆಲಸ ನಿಂತಿತು. ಜನ ಬಂದರೂ ಬರದಿದ್ದರೂ ಪರ್ಸ್ ಬರುತ್ತದೆ ಅಂದ ಮೇಲೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ನೋಡುವವರು ಕಡಿಮೆ, ರೇಸಿನ ದಿನಗಳು ಜಾಸ್ತಿ. ಯಾವ ದುಡ್ಡು ಎಲ್ಲಿಗೆ ಹೋಯಿತು ಎಂದು ಹೇಳಬೇಕಾದ ಕಟ್ಟುಪಾಡೂ ಗಟ್ಟಿಯಾಗಿರಲಿಲ್ಲ.

2012ರ ಫೆಬ್ರವರಿಯಲ್ಲಿ ಡಾನ್ ಡ್ರಮಂಡ್ ಅವರ ವರದಿ ಬಂತು. ಪ್ರಾಂತ್ಯದ ಖರ್ಚು ಎಲ್ಲಿ ಕಡಿಮೆ ಮಾಡಬಹುದು ಎಂದು ನೋಡಿದ ವರದಿ ಅದು. ಕುದುರೆ ರೇಸ್ ತನ್ನ ಬಾಜಿಯ ದುಡ್ಡಿನಲ್ಲೇ ನಡೆಯುವ ಹಾಗೆ ಈ ನೆರವನ್ನು ಮತ್ತೆ ಪರಿಶೀಲಿಸಿ ಎಂದಿತು. ಪರಿಶೀಲಿಸಿ ಅಂದದ್ದು. ಮುಂದಿನ ತಿಂಗಳೇ ಸರ್ಕಾರ ಇಡೀ ಒಪ್ಪಂದವನ್ನು 2013ರ ಮಾರ್ಚ್ 31ಕ್ಕೆ ಮುಗಿಸುತ್ತೇವೆ ಎಂದು ಘೋಷಿಸಿತು. ಗಡಿಯ ಹತ್ತಿರದ ಮೂರು ಕಡೆ, ವಿಂಡ್ಸರ್, ಸಾರ್ನಿಯಾ, ಫೋರ್ಟ್ ಈರಿಯಲ್ಲಿ, ಮಷೀನ್ ಕೋಣೆಗಳನ್ನು 2012ರ ಏಪ್ರಿಲ್ ಕೊನೆಗೇ ಮುಚ್ಚಿದರು. ಆರೇಳು ವಾರದ ಗಡುವು. ವಿಂಡ್ಸರ್ ರೇಸ್‌ವೇ ಆ ಬೇಸಿಗೆ ಮುಗಿಯುವ ಹೊತ್ತಿಗೆ ಬಾಗಿಲು ಹಾಕಿತು. ಮೊದಲು ಮಷೀನ್ ಬಂದ ಟ್ರ್ಯಾಕೇ ಮೊದಲು ಹೋಯಿತು.

ಕುದುರೆ ಸಾಕುವ ಲೆಕ್ಕ ಗೊತ್ತಿದ್ದವರು ಯಾರೂ ಹಾಗೆ ಮಾಡುತ್ತಿರಲಿಲ್ಲ. ಹೆಣ್ಣು ಕುದುರೆ ಗಬ್ಬವಾಗಿ ಮರಿ ಹಾಕಲು 11 ತಿಂಗಳು ಬೇಕು. ಆ ಮರಿ ಟ್ರ್ಯಾಕಿಗೆ ಇಳಿಯುವಾಗ ಎರಡು, ಮೂರು ವರ್ಷದ್ದಾಗಿರುತ್ತದೆ. ಇವತ್ತು ಹಾಕಿದ ದುಡ್ಡು ವಾಪಸ್ ಬರಲು ಶುರುವಾಗುವುದೇ ಮೂರು ನಾಲ್ಕು ವರ್ಷದ ಮೇಲೆ. 2012ರ ಮಾರ್ಚ್‌ನಲ್ಲಿ ಘೋಷಣೆ ಬಂದಾಗ ಲಾಯಗಳಲ್ಲಿ ಆಗಲೇ ಹುಟ್ಟಿದ್ದ ಮರಿಗಳಿದ್ದವು, ಹೊಟ್ಟೆಯಲ್ಲಿದ್ದ ಮರಿಗಳಿದ್ದವು, ಹಿಂದಿನ ವರ್ಷ ಸಾಲ ಮಾಡಿ ಹರಾಜಿನಲ್ಲಿ ಕೊಂಡ ಕುದುರೆಗಳಿದ್ದವು. ಅವು ಓಡಬೇಕಾದ ರೇಸ್‌ಗಳೇ ಇರುತ್ತವೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷದ ಹರಾಜಿನಲ್ಲಿ ಮರಿಗಳ ಬೆಲೆ ಬಿತ್ತು. ಜನ ಹೆಣ್ಣು ಕುದುರೆಗಳನ್ನು ಗಬ್ಬ ಮಾಡಿಸುವುದನ್ನೇ ಬಿಟ್ಟರು. ಒಂದು ಕುದುರೆ ದಿನಾ ತಿನ್ನುತ್ತದೆ, ರೇಸ್ ಇದ್ದರೂ ಇಲ್ಲದಿದ್ದರೂ. ಸಾಕಲು ಆಗದವರು ಮಾರಿದರು. ಕೆನಡಾದಲ್ಲಿ ಮಾಂಸಕ್ಕೆ ಕುದುರೆ ಕಡಿಯುವುದು ಕಾನೂನಿನಲ್ಲಿ ತಪ್ಪಲ್ಲ, ಹರಾಜಿಗೆ ಬಂದ ಕುದುರೆಯನ್ನು ಆ ವ್ಯಾಪಾರಿಗಳೂ ಕೊಳ್ಳಬಹುದು. ಇದನ್ನು ಬರೆಯುವಾಗಲೂ ನನಗೆ ಕಷ್ಟವಾಗುತ್ತದೆ. ಓಡು ಅಂದಾಗ ಓಡಿದ ಪ್ರಾಣಿ ಅದು.

ಸರ್ಕಾರ ರೇಸಿಗೆ ಹೋಗುತ್ತಿದ್ದ ಈ ಮಷೀನ್ ಪಾಲನ್ನು ಸಬ್ಸಿಡಿ ಎಂದಿತು. ಆಸ್ಪತ್ರೆಗೆ, ಶಾಲೆಗೆ ಬೇಕಾದ ದುಡ್ಡು ಕುದುರೆ ಮಾಲೀಕರಿಗೆ ಯಾಕೆ ಹೋಗಬೇಕು ಎಂದು ಕೇಳಿತು. ಕುದುರೆಯವರು ಇದು ಸಬ್ಸಿಡಿ ಅಲ್ಲ, ನಮ್ಮ ಜಾಗದಲ್ಲಿ ನೀವು ಮಷೀನ್ ಇಟ್ಟಿದ್ದಕ್ಕೆ ಕೊಡುವ ಪಾಲು ಎಂದರು. ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಜಾಗ ಕೊಟ್ಟಿದ್ದು ಹೌದು, ಹಾಗೆಯೇ ಏನೂ ಕೇಳದೆ ವರ್ಷ ವರ್ಷ ಬಂದದ್ದೂ ಹೌದು. ಆದರೆ ಆ ವರ್ಷವಿಡೀ ನಡೆದ ಜಗಳದಲ್ಲಿ ಮಷೀನ್ ಮುಂದೆ ಕೂತವರ ಮಾತು ಎಲ್ಲಿ ಬಂತು? ದುಡ್ಡು ನಿನಗಾ ನನಗಾ ಎಂದು ಜಗಳ. ಕಳೆದುಕೊಂಡವರು ಆ ಕೋಣೆಯಲ್ಲೇ ಇರಲಿಲ್ಲ.

ಆಮೇಲೆ ಮೂರು ಪಕ್ಷಗಳ ಮೂವರು ಮಾಜಿ ಮಂತ್ರಿಗಳನ್ನು, ಎಲ್ಮರ್ ಬ್ಯುಕಾನನ್, ಜಾನ್ ಸ್ನೋಬೆಲೆನ್, ಜಾನ್ ವಿಲ್ಕಿನ್ಸನ್ ಅವರನ್ನು ಕೂರಿಸಿ ಸಲಹೆ ಕೇಳಿದರು. ಹಳೆಯ ಪದ್ಧತಿಯಲ್ಲಿ ಹೊಣೆಗಾರಿಕೆ ಸಾಲದು, ಪಾರದರ್ಶಕತೆ ಸಾಲದು ಎಂದು ಅವರು ಹೇಳಿದರು. ನೆರವೇ ಇಲ್ಲದಿದ್ದರೆ ಈ ಉದ್ಯಮ ಉಳಿಯುವುದಿಲ್ಲ ಎಂದೂ ಹೇಳಿದರು. 2013ರಲ್ಲಿ ಕ್ಯಾಥ್ಲೀನ್ ವಿನ್ ಪ್ರಾಂತ್ಯದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಆದ ಮೇಲೆ ಐದು ವರ್ಷದ ನೆರವಿನ ಯೋಜನೆ ಬಂತು. 2019ರಿಂದ ಪ್ರಾಂತ್ಯದ ಲಾಟರಿ ಮತ್ತು ಜೂಜಿನ ನಿಗಮದ ಮೂಲಕ ದೀರ್ಘ ಕಾಲದ ಒಪ್ಪಂದ ಇದೆ, 19 ವರ್ಷದವರೆಗೂ ನಡೆಯಬಹುದಾದದ್ದು. ಅಂದರೆ ಕಡಿದ ಬಳ್ಳಿಯನ್ನು ಮತ್ತೆ ಅದೇ ಮರಕ್ಕೆ ಸುತ್ತಿದರು. ಜೂಜಿನ ನಿಗಮದ ಲಾಭದಿಂದಲೇ ಇವತ್ತೂ ರೇಸಿಗೆ ದುಡ್ಡು ಹೋಗುತ್ತದೆ. ಟೊರೊಂಟೊ ನಗರಸಭೆ 2013ರಲ್ಲಿ ವುಡ್‌ಬೈನ್‌ನಲ್ಲಿ ಜೂಜು ವಿಸ್ತರಿಸುವುದು ಬೇಡ ಎಂದಿತ್ತು, ಎರಡೇ ವರ್ಷದಲ್ಲಿ, 2015ರಲ್ಲಿ, ಆಗಬಹುದು ಎಂದಿತು. ವುಡ್‌ಬೈನ್ ಇರುವ ರೆಕ್ಸ್‌ಡೇಲ್ ಬಡಾವಣೆಗೆ ಕೆಲಸ ಬರುತ್ತದೆ ಎಂಬುದು ದೊಡ್ಡ ಕಾರಣವಾಗಿತ್ತು. ಕೆಲಸ ಬಂದಿದೆ, ನಮ್ಮವರ ಮಕ್ಕಳೂ ಅಲ್ಲಿ ದುಡಿಯುತ್ತಿರಬಹುದು, ಅವರ ಮೇಲೆ ನನಗೆ ಒಂದು ಮಾತೂ ಇಲ್ಲ.

ಪರ್ಸ್ ಜಾಸ್ತಿಯಾದರೆ ಕುದುರೆಗಾದರೂ ಒಳ್ಳೆಯದಾಗುತ್ತದೆ ಅಲ್ವಾ ಎಂದು ಕೇಳುವವರಿದ್ದಾರೆ. ಯಾವಾಗಲೂ ಹಾಗಾಗುವುದಿಲ್ಲ. ನ್ಯೂಯಾರ್ಕಿನ ಅಕ್ವೆಡಕ್ಟ್ ಟ್ರ್ಯಾಕಿನಲ್ಲಿ 2011ರ ಅಕ್ಟೋಬರ್‌ನಲ್ಲಿ ಮಷೀನ್‌ಗಳ ಕ್ಯಾಸಿನೊ ತೆರೆಯಿತು. ಪರ್ಸ್ ಒಮ್ಮೆಲೇ ಏರಿತು. ಆ ಚಳಿಗಾಲದಲ್ಲಿ, ನವೆಂಬರ್ ಕೊನೆಯಿಂದ ಮಾರ್ಚ್ ಮಧ್ಯದವರೆಗೆ, ಅಲ್ಲಿ 21 ಕುದುರೆಗಳು ಸತ್ತವು. ರಾಜ್ಯ ಸರ್ಕಾರ ತನಿಖೆಗೆ ಒಂದು ತಂಡ ಮಾಡಿತು. ಅದು ಹೇಳಿದ ಕಾರಣಗಳಲ್ಲಿ ಈ ದುಡ್ಡೂ ಒಂದು.

ಕ್ಲೇಮಿಂಗ್ ರೇಸ್ ಎಂದು ಒಂದು ಬಗೆ ಇದೆ. ಅದರಲ್ಲಿ ಓಡುವ ಪ್ರತಿ ಕುದುರೆಗೂ ಒಂದು ಬೆಲೆ ಕಟ್ಟಿರುತ್ತಾರೆ, ರೇಸಿಗೆ ಮೊದಲು ಯಾರು ಬೇಕಾದರೂ ಆ ಬೆಲೆಗೆ ಅದನ್ನು ಕೊಳ್ಳಲು ಚೀಟಿ ಹಾಕಬಹುದು. ಸಾಮಾನ್ಯವಾಗಿ ಬಹುಮಾನಕ್ಕೂ ಕುದುರೆಯ ಬೆಲೆಗೂ ಒಂದು ಹೊಂದಾಣಿಕೆ ಇರುತ್ತದೆ. ಮಷೀನ್ ದುಡ್ಡು ಬಂದ ಮೇಲೆ ಬಹುಮಾನ ಕುದುರೆಯ ಬೆಲೆಗಿಂತ ಎಷ್ಟೋ ಪಟ್ಟು ಏರಿತು. ಆಗ ಮಾಲೀಕನ ತಲೆಯಲ್ಲಿ ಏನು ಓಡುತ್ತದೆ? ಕುದುರೆಯ ಕಾಲು ಸರಿ ಇಲ್ಲದಿದ್ದರೂ ಇನ್ನೊಂದು ಸಲ ಓಡಿಸೋಣ, ಒಂದು ಸಲ ಬಹುಮಾನದ ಸಾಲಿನಲ್ಲಿ ಬಂದರೆ ಕುದುರೆ ಹೋದರೂ ನಷ್ಟ ಇಲ್ಲ. ವಿಶ್ರಾಂತಿ ಕೊಡಬೇಕಾದ ಕುದುರೆ ಟ್ರ್ಯಾಕಿಗೆ ಇಳಿಯಿತು. ಕೆಲವು ಸಾವುಗಳನ್ನು ತಪ್ಪಿಸಬಹುದಿತ್ತು ಎಂದು ಆ ತಂಡವೇ ಬರೆಯಿತು. ಆಮೇಲೆ ಅಲ್ಲಿ ಬಹುಮಾನಕ್ಕೂ ಬೆಲೆಗೂ ಮಿತಿ ತಂದರು. ಕುದುರೆ ಸತ್ತ ಮೇಲೆ ತಂದ ಮಿತಿ.

ಇನ್ನೊಂದು ಉದಾಹರಣೆ ಫ್ಲೋರಿಡಾದ್ದು. ಅಲ್ಲಿ ರೇಸ್ ನಡೆಸಿದರೆ ಮಾತ್ರ ಮಷೀನ್ ಇಡಬಹುದು ಎಂಬ ನಿಯಮ ಇತ್ತು. ಮಷೀನ್‌ನಲ್ಲಿ ಲಾಭ, ರೇಸಿನಲ್ಲಿ ಖರ್ಚು. 2021ರಲ್ಲಿ ಕಾನೂನು ಬದಲಾಯಿಸಿ ಹಾರ್ನೆಸ್ ರೇಸಿನವರಿಗೆ ಆ ಗಂಟು ಬಿಚ್ಚಿದರು. 2022ರ ಏಪ್ರಿಲ್‌ನಲ್ಲಿ ಪಾಂಪಾನೊ ಪಾರ್ಕಿನಲ್ಲಿ ಕೊನೆಯ ರೇಸ್ ಓಡಿತು. ಕ್ಯಾಸಿನೊ ಇವತ್ತೂ ಇದೆ. ರೇಸನ್ನು ಉಳಿಸಲು ಬಂದ ಮಷೀನ್ ಉಳಿಯಿತು, ರೇಸ್ ಹೋಯಿತು.

ಬೆಂಗಳೂರಿನಲ್ಲಿ ಕೂತು ಇದನ್ನು ಓದುವವರಿಗೂ ಒಂದು ಮಾತು. ಜಿಎಸ್‌ಟಿ ಬಂದ ಮೇಲೆ ನಮ್ಮ ರೇಸ್ ಕ್ಲಬ್‌ಗಳಿಗೂ ಕಷ್ಟವಾಗಿದೆ. ಇಂಥ ಹೊತ್ತಿನಲ್ಲೇ ಬೇರೆ ಯಾವುದೋ ಆಟದ ದುಡ್ಡಿನಿಂದ ರೇಸ್ ಉಳಿಸೋಣ ಎಂಬ ಯೋಚನೆ ಬರುವುದು. ಹಾಗೆ ಯಾರಾದರೂ ಹೇಳಿದರೆ ಒಂಟಾರಿಯೊದಲ್ಲಿ ಏನಾಯಿತು ಎಂದು ಅವರಿಗೆ ಹೇಳಿ.

ಶಾಸಕರೇ, ಈಗ ನಿಮಗೆ. ಮಷೀನ್‌ಗಳನ್ನೆಲ್ಲ ನಾಳೆ ಬೆಳಗ್ಗೆ ಕಿತ್ತುಹಾಕಿ ಎಂದು ನಾನು ಕೇಳುತ್ತಿಲ್ಲ. 2012ರಲ್ಲಿ ಅವಸರದಲ್ಲಿ ಕೈಬಿಟ್ಟಾಗ ಯಾರ ಮೇಲೆ ಬಿತ್ತು ಎಂದು ಮೇಲೆ ಬರೆದಿದ್ದೇನೆ. ನಾನು ಕೇಳುವುದು ಲೆಕ್ಕ.

ಪ್ರತಿ ಮಷೀನ್ ಮೇಲೆ ಅದರ ವಾಪಸಾತಿ ಎಷ್ಟು ಎಂದು ದೊಡ್ಡದಾಗಿ ಬರೆಸಿ. ಬರೀ ಶೇಕಡಾ ಅಲ್ಲ, ಈ ವೇಗದಲ್ಲಿ ಆಡಿದರೆ ಗಂಟೆಗೆ ಸರಾಸರಿ ಇಷ್ಟು ಡಾಲರ್ ಹೋಗುತ್ತದೆ ಎಂದು. ಅಂಗಡಿಯಲ್ಲಿ ಬಿಸ್ಕತ್ ಪೊಟ್ಟಣದ ಮೇಲೆ ಸಕ್ಕರೆ ಎಷ್ಟು ಎಂದು ಬರೆಸಲು ಆಗುತ್ತದೆ, ಇದಕ್ಕೆ ಯಾಕೆ ಆಗುವುದಿಲ್ಲ? ಸೋತಾಗ ಗೆದ್ದ ಹಾಡು ಹಾಕುವುದನ್ನು ನಿಲ್ಲಿಸಿ. ಹಾಕಿದ್ದಕ್ಕಿಂತ ಕಡಿಮೆ ಬಂದರೆ ಮಷೀನ್ ಸುಮ್ಮನಿರಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಇಲಾಖೆ ಬೇಡ, ಒಂದು ನಿಯಮ ಸಾಕು. ಆಡುವ ಮೊದಲೇ ಇವತ್ತಿಗೆ ಇಷ್ಟು ಎಂದು ಮಿತಿ ಹಾಕಿಕೊಳ್ಳುವುದನ್ನು ಕಡ್ಡಾಯ ಮಾಡಿ, ಮಿತಿ ಮುಟ್ಟಿದ ಮೇಲೆ ಮಷೀನ್ ನಿಲ್ಲಲಿ. ತಾನಾಗಿ ಕೇಳಿದವರಿಗೆ ಮಾತ್ರ ಸಿಗುವ ಸಹಾಯ ನಿಜವಾಗಿ ಬೇಕಾದವರಿಗೆ ತಲುಪುವುದಿಲ್ಲ. ಮತ್ತೆ ವರ್ಷಕ್ಕೊಮ್ಮೆ, ಈ ಆದಾಯದಲ್ಲಿ ಎಷ್ಟು ಭಾಗ ತೊಂದರೆಯಲ್ಲಿರುವ ಜನರಿಂದ ಬಂತು ಎಂದು ಸ್ವತಂತ್ರವಾಗಿ ಅಳೆದು ಶಾಸನಸಭೆಯ ಮುಂದೆ ಇಡಿ. 2004ರಲ್ಲಿ ಅಳೆಯಲು ಸಾಧ್ಯವಾಗಿದ್ದು ಈಗ ಇನ್ನೂ ಸುಲಭ, ಯಾಕೆಂದರೆ ಕಾರ್ಡ್ ಹಾಕಿ ಆಡುವವರ ಪ್ರತಿ ಆಟದ ಲೆಕ್ಕವೂ ಕಂಪ್ಯೂಟರಿನಲ್ಲಿ ಇದೆ.

ಕುದುರೆಯ ವಿಷಯದಲ್ಲಿ ಇಷ್ಟೇ. ರೇಸಿಗೆ ಹೋಗುವ ಪ್ರತಿ ಡಾಲರಿನಲ್ಲಿ ಒಂದು ಪಾಲು, ಓಡಿ ಮುಗಿಸಿದ ಕುದುರೆ ಸಾಯುವವರೆಗೆ ಸಾಕಲು ಎತ್ತಿಡಿ, ಮೊದಲು ಅದು, ಆಮೇಲೆ ಪರ್ಸ್. ಒಪ್ಪಂದ ಬದಲಾಯಿಸುವುದಾದರೆ ಒಂದು ಮರಿ ಹುಟ್ಟಿ, ಬೆಳೆದು, ಓಡಿ ಮುಗಿಸುವಷ್ಟು ವರ್ಷ ಮೊದಲೇ ಹೇಳಿ. ಗ್ರೂಮ್‌ಗಳಿಗೆ ಬೇರೆ ಕೆಲಸ ಕಲಿಯಲು ದುಡ್ಡು ಅದರಲ್ಲೇ ಬರೆದಿರಲಿ. ಕುದುರೆಗೆ ನೋವಾಗುವ ಮಟ್ಟಕ್ಕೆ ಬಹುಮಾನ ಏರದ ಹಾಗೆ ನ್ಯೂಯಾರ್ಕ್ ತಂದಂಥ ಮಿತಿ ಇಲ್ಲಿಯೂ ಸ್ಪಷ್ಟವಾಗಿ ಇರಲಿ.

ಮಿಲ್ಟನ್‌ನಲ್ಲಿ ಇರುವ ಗೆಳೆಯರೇ, ನಿಮ್ಮ ಪಟ್ಟಣಕ್ಕೂ ಮೊಹಾಕ್ ಟ್ರ್ಯಾಕಿನ ಮಷೀನ್‌ಗಳಿಂದ ಪಾಲು ಬರುತ್ತದೆ. ಅದರಲ್ಲಿ ಎಷ್ಟು ಜೂಜಿನ ತೊಂದರೆಗೆ ಸಿಕ್ಕಿದ ಮನೆಗಳಿಗೆ ಖರ್ಚಾಗುತ್ತದೆ ಎಂದು ಪಟ್ಟಣ ಸಭೆಯಲ್ಲಿ ಕೇಳಿ. ಕೇಳುವುದಕ್ಕೆ ಸಿಟಿಜನ್ ಆಗಿರಬೇಕು ಎಂದೇನಿಲ್ಲ, ಅಲ್ಲಿ ವಾಸ ಇದ್ದರೆ ಸಾಕು. ನಮ್ಮ ಸಂಘಗಳ ಪದಾಧಿಕಾರಿಗಳಿಗೂ ಒಂದು ವಿನಂತಿ. ರಾಜ್ಯೋತ್ಸವಕ್ಕೆ ಶಾಸಕರನ್ನು ಕರೆದು ಶಾಲು ಹೊದಿಸುತ್ತೇವೆ. ಈ ಸಲ ಶಾಲಿನ ಜೊತೆಗೆ ಈ ಪ್ರಶ್ನೆಗಳನ್ನೂ ಬರೆದು ಕೊಡಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಮನೆಯಲ್ಲಿ ಈ ತೊಂದರೆ ಇರುವವರು ಇದನ್ನು ಓದುತ್ತಿದ್ದರೆ, ಕನೆಕ್ಸ್ ಒಂಟಾರಿಯೊ ಎಂಬ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ. ದುಡ್ಡಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ. ಆಡುವವರೇ ಕರೆ ಮಾಡಬೇಕು ಎಂದಿಲ್ಲ, ಹೆಂಡತಿ ಮಾಡಬಹುದು, ಮಗ ಮಾಡಬಹುದು. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಎಂದು ಕೇಳಿ. ಕ್ಯಾಸಿನೊಗೆ ನನ್ನನ್ನು ಒಳಗೆ ಬಿಡಬೇಡಿ ಎಂದು ತಾವೇ ಬರೆದುಕೊಡುವ ವ್ಯವಸ್ಥೆಯೂ ಇದೆ, ಅದಕ್ಕೆ ಹೋಗುವಾಗ ಜೊತೆಗೆ ಯಾರಾದರೂ ಹೋಗಿ. ಒಬ್ಬರೇ ಹೋಗಲು ಕಷ್ಟ ಅನ್ನಿಸಿದರೆ ನನಗೆ ಹೇಳಿ, ನಾನು ಬರುತ್ತೇನೆ.

ಇಂತಿ,
ಬ್ರ್ಯಾಂಪ್ಟನ್‌ನ ಒಬ್ಬ ಕನ್ನಡಿಗ